ಜಡೆ ಶರಾವತಮ್ಮನ ಶಾಂಪೂ ದಂಡಯಾತ್ರೆ

ಭದ್ರಾವತಿಯ ಹಳೇನಗರದಲ್ಲಿ ಶರಾವತಿಯ ಮನೆ ಹುಡುಕುವವರಿಗೆ ಬೀದಿಯ ಹೆಸರಾಗಲಿ ಮನೆಯ ನಂಬರಾಗಲಿ ಬೇಕಿರಲಿಲ್ಲ. ‘ಜಡೆ ಶರಾವತಮ್ಮನ ಮನೆ’ ಎಂದರೆ ಸಾಕು, ಆಟೋದವರು ತಂದು ಗೇಟಿನ ಮುಂದೆ ಇಳಿಸುತ್ತಿದ್ದರು. ಊರೆಂದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೀರ್ತಿ. ಒಬ್ಬರು ನಗರಸಭೆಗೆ ನಿಂತು ಸೋತು ಹೆಸರಾಗುತ್ತಾರೆ, ಇನ್ನೊಬ್ಬರು ಗೆದ್ದು ಹೆಸರು ಕೆಡಿಸಿಕೊಳ್ಳುತ್ತಾರೆ. ಶರಾವತಿ ಈ ಎರಡರ ಗೋಜಿಗೂ ಹೋಗದೆ, ಬೆನ್ನು ತಿರುಗಿಸಿ ನಿಂತೇ ಪ್ರಸಿದ್ಧಳಾದವಳು. ಮಂಡಿಯ ಹಿಂಭಾಗದವರೆಗೆ ಇಳಿಯುತ್ತಿದ್ದ, ಒಂದು ಮುಷ್ಟಿಗೆ ಸಿಗದಷ್ಟು ದಪ್ಪದ ಜಡೆ. ಆಕೆ ತರಕಾರಿಯವನ ಹತ್ತಿರ ಚೌಕಾಸಿಗೆ ನಿಂತರೆ ಬೆನ್ನ ಹಿಂದೆ ಅದೂ ತಲೆದೂಗುತ್ತಿತ್ತು, ಹೌದು ಹೌದು, ಜಾಸ್ತಿಯಾಯಿತು ಎನ್ನುವ ಹಾಗೆ.

ಆ ಜಡೆಯೇ ಆಕೆಯ ಮದುವೆ ಮಾಡಿಸಿದ್ದು. ಇಪ್ಪತ್ತನಾಲ್ಕು ವರ್ಷದ ಹಿಂದೆ ಹೆಣ್ಣು ನೋಡಲು ಬಂದ ವರನ ತಾಯಿ ಶಕುಂತಲಮ್ಮ ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, ಅಡಿಗೆ ಬರುತ್ತದೆಯೇ ಎಂದೂ ಕೇಳಲಿಲ್ಲ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ‘ಸ್ವಲ್ಪ ತಿರುಗಮ್ಮ’ ಎಂದರು. ಬಾವಿಯ ಹಗ್ಗ ಗಟ್ಟಿಯಿದೆಯೇ ಎಂದು ನೋಡುವವರ ಹಾಗೆ ಜಡೆಯನ್ನು ಎರಡು ಸಲ ಜಗ್ಗಿದರು. ಹುಡುಗಿಯ ತಲೆ ಎರಡು ಸಲ ಹಿಂದಕ್ಕೆ ಹೋಯಿತೇ ಹೊರತು ಜಡೆ ಕೈಗೆ ಬರಲಿಲ್ಲ. ‘ಚೌರಿ ಅಲ್ಲ, ಸ್ವಂತದ್ದು’ ಎಂದು ಸಭೆಗೆ ಘೋಷಿಸಿದರು. ಅಲ್ಲಿಗೆ ಜಾತಕ, ಗೋತ್ರ, ಮಾತುಕತೆಯೆಲ್ಲ ಕೂಡಿಬಂದ ಹಾಗಾಯಿತು. ವರ ವೀರೇಂದ್ರ ಮೂಲೆಯ ಕುರ್ಚಿಯಲ್ಲಿ ತನ್ನ ಕ್ರಾಪು ತೀಡಿಕೊಳ್ಳುತ್ತಾ ಕುಳಿತಿದ್ದ. ಆಗ ಅವನಿಗೂ ಇತ್ತು.

ಮದುವೆಯಾಗಿ ಬಂದ ಮೇಲೆ ಅಕ್ಕಪಕ್ಕದ ಹೆಂಗಸರದ್ದು ಒಂದೇ ಪ್ರಶ್ನೆ: ‘ತಲೆಗೆ ಏನು ಹಚ್ತೀರಿ?’ ಶರಾವತಿ ನಿಜವನ್ನೇ ಹೇಳಿದಳು. ಗರುಗದ ಸೊಪ್ಪು, ದಾಸವಾಳ, ಮೆಂತ್ಯ ಹಾಕಿ ಕುದಿಸಿದ ಕೊಬ್ಬರಿ ಎಣ್ಣೆ. ಆಕೆಯ ತಾಯಿಯೂ ಅದನ್ನೇ ಹಚ್ಚುತ್ತಿದ್ದರು, ತಾಯಿಗೂ ಅಂಥದೇ ಜಡೆಯಿತ್ತು. ಅಜ್ಜಿಗೂ ಇತ್ತು. ಆ ವಂಶದ ಹೆಂಗಸರು ತಲೆಗೆ ಸೀಮೆಎಣ್ಣೆ ಸುರಿದುಕೊಂಡಿದ್ದರೂ ಕೂದಲು ಮಂಡಿಗೇ ಬರುತ್ತಿತ್ತೋ ಏನೋ. ಆದರೆ ‘ಯಾರ ಹೊಟ್ಟೆಯಲ್ಲಿ ಹುಟ್ಟಿದಿರಿ’ ಎಂದು ಯಾರೂ ಕೇಳಲಿಲ್ಲ. ಅದನ್ನು ಬಾಟಲಿಗೆ ತುಂಬಲು ಬರುವುದಿಲ್ಲ. ಎಣ್ಣೆಯನ್ನು ತುಂಬಬಹುದು. ಹಾಗೆ ಹದಿನಾಲ್ಕು ವರ್ಷದ ಹಿಂದೆ ‘ಶರಾವತಿ ಕೇಶಧಾರೆ’ ಹುಟ್ಟಿತು. ಲೇಬಲ್ಲಿನ ಮೇಲೆ ಆಕೆಯ ಚಿತ್ರ, ಹಿಂದಿನಿಂದ ತೆಗೆದದ್ದು. ಮುಖದ ಅಗತ್ಯ ಯಾರಿಗೂ ಬೀಳಲಿಲ್ಲ.

ಕೆಟ್ಟ ಕಾಲ ಬಚ್ಚಲಿನ ಮೂಲಕ ಬಂತು. ಎರಡೂವರೆ ವರ್ಷದ ಹಿಂದೆ ಒಂದು ಮಂಗಳವಾರ ನೀರು ಕಟ್ಟಿಕೊಂಡು ಹೊಸಿಲಿನವರೆಗೆ ನಿಂತಿತು. ನಲ್ಲಿ ರಿಪೇರಿಯ ಕೆಂಚಪ್ಪ ಬಂದು ತಂತಿ ಬಿಟ್ಟು ಎಳೆದ. ಬಂದದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

‘ಬೆಕ್ಕು ಸತ್ತಿದೆ ಅನ್ಕೊಂಡೆ ಕಣಮ್ಮಾ,’ ಎಂದ. ‘ಕೂದ್ಲು.’

ಶರಾವತಿ ಅದನ್ನು ನೋಡಿದಳು. ಮನೆಯಲ್ಲಿದ್ದದ್ದು ಮೂರು ತಲೆ. ಗಂಡನದು ಆಗಲೇ ಬೋಳು ಗುಡ್ಡ. ಅತ್ತೆಯದು ಬಿಳಿ. ಬಚ್ಚಲಿನಿಂದ ಬಂದದ್ದು ಕಪ್ಪು. ಪತ್ತೇದಾರರನ್ನು ಕರೆಸಬೇಕಾದ ಪ್ರಮೇಯವೇ ಬರಲಿಲ್ಲ.

ಮೊದಲು ಆಕೆ ನಂಬಿದ್ದು ತನ್ನ ಎಣ್ಣೆಯನ್ನೇ. ದಿನಕ್ಕೆ ಒಂದು ಸಲ ಹಚ್ಚುತ್ತಿದ್ದವಳು ಎರಡು ಸಲ ಹಚ್ಚಿದಳು, ದಿಂಬಿನ ಕವರು ಕೂಡ ಜಿಡ್ಡುಗಟ್ಟಿ ಹೊಳೆಯುವಷ್ಟು. ಆ ಎಣ್ಣೆಯ ಮೇಲೆ ಅಷ್ಟು ಭಕ್ತಿಯಿಟ್ಟ ಗಿರಾಕಿ ಇನ್ನೊಬ್ಬಳಿರಲಿಲ್ಲ. ಮೂರು ತಿಂಗಳಾಯಿತು, ಬಾಚಣಿಗೆಯಲ್ಲಿ ಬರುವ ಉಂಡೆ ಅಡಿಕೆ ಗಾತ್ರದಿಂದ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಆಗ ಒಂದು ಬೆಳಿಗ್ಗೆ, ಸೊಪ್ಪು ಕುದಿಯುತ್ತಿದ್ದ ಬಾಣಲೆಯ ಮುಂದೆ ನಿಂತು, ತಾನು ಹನ್ನೆರಡು ವರ್ಷ ಮಾರಿದ್ದು ಏನನ್ನು ಎನ್ನುವ ಯೋಚನೆ ಆಕೆಗೆ ಮೊದಲ ಸಲ ಬಂತು. ಬೆಂಕಿ ಸಣ್ಣ ಮಾಡಿದಳು, ಯೋಚನೆ ಸಣ್ಣದಾಗಲಿಲ್ಲ. ಆದರೂ ಅಂದಿನ ಎಣ್ಣೆಯನ್ನು ಸೋಸಿ ಬಾಟಲಿಗೆ ತುಂಬಿದಳು. ಜಡೆ ಇರುವ ತನಕ ಎಣ್ಣೆಗೆ ಮಾತಿದೆ, ಎಣ್ಣೆಗೆ ಮಾತಿರುವ ತನಕ ತನಗೆ ಊರಿನಲ್ಲಿ ಒಂದು ಹೆಸರಿದೆ. ಹೇಗಾದರೂ ಜಡೆ ಉಳಿಯಬೇಕು. ಉಳಿದದ್ದನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು.

ಶಾಂಪೂ ಕೊಳ್ಳುವುದು ಎಂದು ನಿಶ್ಚಯವಾಯಿತು. ಆದರೆ ಭದ್ರಾವತಿಯಲ್ಲಿ ಕೊಳ್ಳುವ ಹಾಗಿಲ್ಲ. ಎಣ್ಣೆ ಮಾರುವ ಶರಾವತಮ್ಮ ಶಾಂಪೂ ಸ್ಯಾಷೆ ಕೊಂಡಳೆಂದರೆ, ಪುರೋಹಿತರ ಮನೆಗೆ ಮೊಟ್ಟೆಯ ಟ್ರೇ ಹೋದ ಹಾಗೆ. ಸಂಜೆಯೊಳಗೆ ಸುದ್ದಿ ಪೇಪರ್‌ಟೌನ್ ಮುಟ್ಟುತ್ತದೆ. ಹಾಗಾಗಿ ಶಿವಮೊಗ್ಗದ ಮೇಲೆ ದಂಡೆತ್ತಿ ಹೋಗುವುದೆಂದಾಯಿತು. ಸೆರಗು ಹೊದ್ದು, ಆಧಾರ್ ಕಾರ್ಡು ಹಿಡಿದು, ಸರ್ಕಾರಿ ಬಸ್ಸಿನ ಕಿಟಕಿಯ ಸೀಟು ಗೆದ್ದು, ಅಮೀರ್ ಅಹ್ಮದ್ ಸರ್ಕಲ್ಲಿನ ಹತ್ತಿರ ಇಳಿದು, ದುರ್ಗಿಗುಡಿಯ ಒಂದು ಫ್ಯಾನ್ಸಿ ಸ್ಟೋರಿಗೆ ನುಗ್ಗಿದಳು. ಗೋಡೆಯುದ್ದಕ್ಕೂ ಬಾಟಲಿಗಳು ಚತುರಂಗ ಸೇನೆಯ ಹಾಗೆ ಸಾಲುಗಟ್ಟಿ ನಿಂತಿದ್ದವು. ಕೌಂಟರಿನ ಹಿಂದೆ ಹಿಜಾಬು ಧರಿಸಿದ ನಸೀಮಾ ಕುಳಿತಿದ್ದಳು. ಮೂವತ್ತೈದರ ಆಸುಪಾಸಿನ ಅಂಗಡಿಯೊಡತಿ. ಊರಿನ ತಲೆಗಳ ಸಮಸ್ಯೆಯೆಲ್ಲ ಅವಳಿಗೆ ಬಾಯಿಪಾಠ.

‘ಕೂದಲಿಗೆ ಹಾಕೋದು ಒಂದು ಕೊಡಮ್ಮ,’ ಎಂದಳು ಶರಾವತಿ.

‘ಯಾವ ಥರದ ಕೂದಲು ಅಕ್ಕ?’

‘ಉದ್ದ.’

‘ಉದ್ದ ಅನ್ನೋದು ಥರ ಅಲ್ಲ ಅಕ್ಕ, ಅಳತೆ. ಬುಡ ಎಣ್ಣೆ ಎಣ್ಣೆ ಇರುತ್ತಾ, ಒಣಗಿರುತ್ತಾ? ಎಳೆ ತೆಳ್ಳಗಾ, ದಪ್ಪನಾ? ತುದಿ ಸೀಳುತ್ತಾ? ನೀರು ಬೋರಿಂದಾ, ನಲ್ಲೀದಾ? ಬಕೆಟ್ಟಲ್ಲಿ ಬಿಳಿ ಪೊರೆ ಕಟ್ಟುತ್ತಾ?’

ನಲವತ್ತೆಂಟು ವರ್ಷ ಹೊತ್ತುಕೊಂಡು ಓಡಾಡಿದ ಕೂದಲಿನ ಬಗ್ಗೆ ತನಗೆ ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲ ಎನ್ನುವುದು ಶರಾವತಿಗೆ ಅಲ್ಲಿಯೇ ತಿಳಿಯಿತು. ಗೊತ್ತಾಗುವುದಾದರೂ ಹೇಗೆ? ಎಣ್ಣೆಯಿಲ್ಲದ ತನ್ನ ತಲೆಯನ್ನು ಆಕೆ ಕಂಡೇ ಇರಲಿಲ್ಲ.

‘ಮೂರು ದಿನ ಎಣ್ಣೆ ಮುಟ್ಟಬೇಡಿ,’ ಎಂದಳು ನಸೀಮಾ. ‘ಆಮೇಲೆ ನೆತ್ತಿ ಮೇಲೆ ಒಂದು ಟಿಶ್ಯೂ ಪೇಪರ್ ಒತ್ತಿ ನೋಡಿ. ಜಿಡ್ಡು ಹತ್ತಿದ್ರೆ ಒಂದು ಥರ, ಹತ್ತದೆ ಇದ್ರೆ ಇನ್ನೊಂದು.’

ಮೂರು ದಿನ ಎಣ್ಣೆ ಬಿಡುವುದೆಂದರೆ ಆ ಮನೆಯಲ್ಲಿ ಮೂರು ದಿನ ಅಜ್ಞಾತವಾಸ. ಕೇಶಧಾರೆಯ ವಾಸನೆಯಿಲ್ಲದ ಶರಾವತಮ್ಮನನ್ನು ಗಿರಾಕಿಗಳು ಗುರುತು ಹಿಡಿದಾರೆ ಎನ್ನುವುದೇ ಸಂಶಯ. ಶಿವಮೊಗ್ಗದ ನವುಲೆಯಲ್ಲಿರುವ ತಂಗಿಗೆ ಮೈ ಹುಷಾರಿಲ್ಲವೆಂದು ಹೇಳಿ ಅಲ್ಲಿಗೆ ಹೋದಳು. ತಂಗಿ ಬಾಗಿಲು ತೆಗೆದಾಗ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದಳು. ನಾಲ್ಕನೆಯ ದಿನ ನಸೀಮಾಳ ಮುಂದೆ ತೀರ್ಪು ಬಂತು: ಬುಡದಲ್ಲಿ ಜಿಡ್ಡು, ತುದಿಯಲ್ಲಿ ಬರಗಾಲ, ಎಳೆ ತೆಳ್ಳಗೆ. ಬುಡಕ್ಕೊಂದು ಹಗುರವಾದ ಶಾಂಪೂ, ತುದಿಗೊಂದು ಕಂಡೀಷನರು. ಹಸಿರು ಬಾಟಲಿ ಒಂದು, ಬಿಳಿ ಬಾಟಲಿ ಒಂದು. ಶರಾವತಿ ಎರಡನ್ನೂ ಸೀರೆಯ ಮಡಿಕೆಯಲ್ಲಿ ಸುತ್ತಿ, ಗೆದ್ದ ರಾಜ್ಯದ ಕಪ್ಪಕಾಣಿಕೆಯ ಹಾಗೆ ಭದ್ರಾವತಿಗೆ ತಂದಳು.

ಗುಟ್ಟಿನಲ್ಲಿ ಪಾಲುದಾರಳಾಗಿ ಅತ್ತೆಯನ್ನು ಸೇರಿಸಿಕೊಳ್ಳಲೇಬೇಕಾಯಿತು. ಎಪ್ಪತ್ತಾರರ ಶಕುಂತಲಮ್ಮನ ತಲೆಯ ತುಂಬ ಬೆಳ್ಳಿಯ ಹಾಗೆ ದಟ್ಟ ಕೂದಲು. ಜೀವಮಾನವಿಡೀ ಮೈಸೋಪಿನಲ್ಲೇ ತೊಳೆದದ್ದು. ಸೋಪು ಚೂರಾದಾಗ ಬಟ್ಟೆ ಸೋಪಿನ ಬಾರಿನಲ್ಲಿಯೂ ತೊಳೆದದ್ದುಂಟು. ದೇವರಿಗೆ ನ್ಯಾಯವೆನ್ನುವುದು ಇದ್ದಿದ್ದರೆ ಅವರ ತಲೆ ಎಂದೋ ತಟ್ಟೆಯಾಗಬೇಕಿತ್ತು. ಅವರು ಬಿಳಿ ಬಾಟಲಿಯದನ್ನು ಅಂಗೈಗೆ ಹಾಕಿಕೊಂಡು ಮೂಸಿದರು.

‘ಬೆಣ್ಣೆ ಇದ್ದ ಹಾಗಿದೆಯಲ್ಲೆ. ಇದು ಯಾವುದಕ್ಕೆ?’

‘ನುಣುಪಿಗೆ ಅಂತೆ ಅತ್ತೆ.’

‘ನುಣುಪಿಗೆ ಅಂದ್ಮೇಲೆ ಎಣ್ಣೇನೇ ಆಯ್ತು. ಕೂತ್ಕೋ ಬಾ.’

ಹಾಗೆ ಪ್ರತಿ ಶನಿವಾರ ಶರಾವತಿ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಳು. ಶಕುಂತಲಮ್ಮ ಏಳು ಚಿರಂಜೀವಿಗಳ ಹೆಸರು ಹೇಳುತ್ತಾ ಕಂಡೀಷನರನ್ನು ಸೊಸೆಯ ನೆತ್ತಿಗೆ ಏಳು ಸಲ ತಟ್ಟಿದರು. ಬುಡಕ್ಕೆ ಇಳಿಯುವ ಹಾಗೆ ತಿಕ್ಕಿದರು. ಅದು ಚೆನ್ನಾಗಿ ನೆನೆಯಲೆಂದು ಮುಕ್ಕಾಲು ಗಂಟೆ ಹಿತ್ತಲಿನ ಬಿಸಿಲಿನಲ್ಲಿ ಕೂರಿಸಿದರು. ಆಮೇಲೆ ಹಸಿರು ಶಾಂಪೂ ಹಾಕಿ, ಒಂದು ಹನಿ ನುಣುಪೂ ಉಳಿಯದ ಹಾಗೆ ತೊಳೆದರು. ಮೊದಲು ಎಣ್ಣೆ, ಆಮೇಲೆ ಸೀಗೆ. ಲೋಕ ಹುಟ್ಟಿದಾಗಿನಿಂದ ಅಭ್ಯಂಜನದ ಕ್ರಮ ಅದೇ. ಬಾಟಲಿಯ ಹಿಂದೆ ಸಾಸಿವೆಯಂಥ ಅಕ್ಷರದಲ್ಲಿ ಇನ್ನೇನೋ ಬರೆದಿತ್ತು. ಅದನ್ನು ಓದುವ ಕಣ್ಣು ಇಬ್ಬರಿಗೂ ಇರಲಿಲ್ಲ. ಶಾಂಪೂವಿನ ಸ್ಟ್ರಾಬೆರಿ ವಾಸನೆ ಬೀದಿಗೆ ಹೋಗದಿರಲೆಂದು ಕೊನೆಗೆ ಮೇಲೊಂದು ಕೈ ಕೇಶಧಾರೆ.

ಐದು ತಿಂಗಳು ಹೀಗೆ ನಡೆಯಿತು. ಹಸಿರು ಬಾಟಲಿ ಹೋಗಿ ನೀಲಿ ಬಂತು, ನೀಲಿ ಹೋಗಿ ಈರುಳ್ಳಿಯ ಚಿತ್ರವಿದ್ದದ್ದು ಬಂತು. ಒಂದೊಂದರ ಮೇಲೂ ಒಂದೊಂದು ಹೆಣ್ಣು ತಲೆ ಕೊಡವುತ್ತಾ ನಗುತ್ತಿತ್ತು. ಶರಾವತಿ ತಲೆ ಕೊಡವುವ ಧೈರ್ಯ ಮಾಡಲಿಲ್ಲ.

ಉದುರಿದ್ದನ್ನು ಮಾತ್ರ ಆಕೆ ಎಸೆಯಲಿಲ್ಲ. ಬಾಚಣಿಗೆಯದು, ದಿಂಬಿನದು, ಬಚ್ಚಲಿನದು, ಎಲ್ಲವನ್ನೂ ತೊಳೆದು ಒಣಗಿಸಿ, ಮದುವೆಯ ಸೀರೆಯ ಡಬ್ಬಿಯಲ್ಲಿ ಕೂಡಿಟ್ಟಳು. ನಸೀಮಾ ಗಾಂಧಿಬಜಾರಿನ ಒಬ್ಬ ಹೆಂಗಸಿಗೆ ಕೊಟ್ಟು ಅದನ್ನು ಚೌರಿಯಾಗಿ ಹೆಣೆಸಿದಳು. ತಿಂಗಳು ತಿಂಗಳೂ ತಲೆಯಲ್ಲಿ ಕಡಿಮೆಯಾದದ್ದು ಚೌರಿಯಲ್ಲಿ ಹೆಚ್ಚಿತು. ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ವರ್ಗವಾದ ಹಾಗೆ. ಜಡೆಯ ದಪ್ಪ ಒಂದು ನೂಲಿನಷ್ಟೂ ಬದಲಾಗಲಿಲ್ಲ. ವೀರೇಂದ್ರ ಬೆಳಿಗ್ಗೆ ಪೇಪರಿನ ಮೇಲಿನಿಂದ ನೋಡಿ, ‘ನಿನ್ನ ಜಡೆಗೆ ವಯಸ್ಸೇ ಆಗಲ್ವಲ್ಲೆ,’ ಎಂದ. ಆಕೆ ಒಳಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಆರನೆಯ ಸಲ ಹೋದಾಗ ನಸೀಮಾಗೆ ಅನುಮಾನ ಬಂತು.

‘ಹೇಗೆ ಹಾಕ್ತೀರಿ ಅಕ್ಕ, ಒಂದ್ಸಲ ಹೇಳಿ.’

ಶರಾವತಿ ಹೇಳಿದಳು. ಮಣೆ, ಪೂರ್ವ, ಏಳು ತಟ್ಟು, ಬಿಸಿಲು, ಆಮೇಲೆ ಶಾಂಪೂ. ನಸೀಮಾ ಹಣೆ ಹಿಡಿದು ಕೌಂಟರಿಗೆ ಒರಗಿದಳು. ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

‘ಅರೆ ಅಕ್ಕಾ, ಪೂರಾ ಉಲ್ಟಾ. ಶಾಂಪೂ ಮೊದಲು, ಅದೂ ಬುಡಕ್ಕೆ. ಕಂಡೀಷನರ್ ಆಮೇಲೆ, ತುದಿಗೆ ಮಾತ್ರ, ಎರಡು ನಿಮಿಷ. ಜಿಡ್ಡಿನ ಬುಡಕ್ಕೆ ಅದನ್ನು ತಿಕ್ಕಿದ್ರೆ ಏನಾಗುತ್ತೆ? ಮೇಲಿಂದ ಮತ್ತೆ ಎಣ್ಣೆ ಬೇರೆ. ಲಗ್ನ ಆದ್ಮೇಲೆ ಹೆಣ್ಣು ನೋಡೋಕೆ ಹೋದ ಹಾಗಾಯ್ತು.’

ಶರಾವತಿಗೆ ಅಂದು ಆದ ಸಂತೋಷ ಯಾವ ಹಬ್ಬಕ್ಕೂ ಆಗಿರಲಿಲ್ಲ. ತಪ್ಪು ಸಿಕ್ಕಿತು. ತಪ್ಪು ಸಿಕ್ಕಿದ ಮೇಲೆ ಸರಿಮಾಡಲು ಎಷ್ಟು ಹೊತ್ತು? ಬಸ್ಸಿನಲ್ಲಿ ಪಕ್ಕದ ಅಪರಿಚಿತ ಹೆಂಗಸಿಗೆ ಕಡಲೆಕಾಯಿ ಕೊಟ್ಟಳು. ಆ ಶನಿವಾರದಿಂದ ಮಣೆ ಗೋಡೆಗೆ ಒರಗಿತು, ಚಿರಂಜೀವಿಗಳಿಗೆ ರಜೆ ಸಿಕ್ಕಿತು. ಶಾಂಪೂ ಮೊದಲು, ಕಂಡೀಷನರು ಆಮೇಲೆ. ತಿಂಗಳೊಳಗೆ ಕೂದಲು ನುಣುಪಾಯಿತು, ಹೊಳೆಯಿತು, ಗಂಟು ಬಿಟ್ಟಿತು, ಬೆರಳಿನ ಸಂದಿಯಿಂದ ರೇಷ್ಮೆಯ ಹಾಗೆ ಜಾರಿತು. ಜಾರಿ ನೆಲಕ್ಕೆ ಬಿತ್ತು. ಮೊದಲು ಒರಟಾಗಿ ಉದುರುತ್ತಿದ್ದದ್ದು ಈಗ ಬಹಳ ಮರ್ಯಾದೆಯಿಂದ, ಫಳಫಳ ಹೊಳೆಯುತ್ತಾ ಉದುರತೊಡಗಿತು.

ಅದಾದ ಮೇಲೂ ಒಂದೂವರೆ ವರ್ಷ ಆಕೆ ಬಾಟಲಿ ಬದಲಿಸಿದಳು. ಎಣ್ಣೆ ಮಾರುವುದನ್ನೂ ಬಿಡಲಿಲ್ಲ. ಕೊನೆಗೆ ನಸೀಮಾಳೇ ಒಂದು ದಿನ, ‘ನನ್ನ ಅಂಗಡಿಯಲ್ಲಿ ಇನ್ನೇನೂ ಉಳಿದಿಲ್ಲ ಅಕ್ಕ. ಚರ್ಮದ ಡಾಕ್ಟರಿಗೆ ತೋರಿಸಿ,’ ಎಂದು ಚೀಟಿ ಬರೆದು ಕೊಟ್ಟಳು. ವ್ಯಾಪಾರ ಬಿಟ್ಟುಕೊಟ್ಟ ಅಂಗಡಿಯವಳ ಮುಖ ನೋಡಿ ಶರಾವತಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಡಾಕ್ಟರಿಗಾಗಿ ಕಾಯುವ ಕೋಣೆಯಲ್ಲಿ ಎಂಟು ಜನ ಕೂತಿದ್ದರು. ಒಂಬತ್ತನೆಯವಳಾಗಿ ಕೂತು ಪಕ್ಕಕ್ಕೆ ತಿರುಗಿದರೆ ಮೀರಾ. ಭದ್ರಾವತಿಯ ನ್ಯೂಟೌನಿನಲ್ಲಿ ನರ್ಸರಿ ಮಕ್ಕಳಿಗೆ ಪಾಠ ಹೇಳುವ ಹುಡುಗಿ, ಕೇಶಧಾರೆಯ ಕಟ್ಟಾ ಗಿರಾಕಿ. ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿದ್ದಳು. ಇಬ್ಬರೂ ಒಂದೇ ಉಸಿರಿಗೆ ‘ನೀವೇನಿಲ್ಲಿ?’ ‘ನೀನೇನಿಲ್ಲಿ?’ ಎಂದರು.

‘ಕೈಗೆ ಅಲರ್ಜಿ ಕಣೆ,’ ಎಂದಳು ಶರಾವತಿ.

ಮೀರಾಗೆ ಸುಳ್ಳು ಅಷ್ಟು ಬೇಗ ಬರಲಿಲ್ಲ. ‘ನಂದು ಕೂದಲೇ ಅಕ್ಕ,’ ಎಂದಳು ಸಣ್ಣಗೆ. ‘ಇದು ಮೂರನೇ ಸಲ. ಎರಡು ವರ್ಷ ಮುಂಚೆ ಬಂದಿದ್ರೆ ಸುಮಾರು ತಡೀಬಹುದಿತ್ತಂತೆ. ಎರಡು ವರ್ಷ ಏನು ಹಚ್ಕೊಂಡು ಕೂತಿದ್ರಿ ಅಂತ ಬೈದ್ರು ಡಾಕ್ಟರು. ನಾನು ಹೇಳ್ಲಿಲ್ಲ. ನಿಮ್ಮ ಹೆಸರು ಯಾಕೆ ತರೋದು ಅಂತ.’

ಶರಾವತಿ ಜಡೆಯ ತುದಿಯನ್ನು ಸೆರಗಿನಡಿ ಸರಿಸಿದಳು.

‘ಎಣ್ಣೇದೇನೂ ತಪ್ಪಿಲ್ಲ ಅಕ್ಕ. ನಿಮ್ಮ ಜಡೆ ನೋಡಿದ್ರೆ ಗೊತ್ತಾಗಲ್ವಾ? ನನ್ನ ತಲೇನೇ ಸರಿಯಿಲ್ಲ. ನಮ್ಮಮ್ಮನೂ ಹಂಗೇ ಅಂತಾರೆ, ಶರಾವತಮ್ಮಂಗೆ ಹಿಡಿಯೋ ಎಣ್ಣೆ ನಿಂಗ್ಯಾಕೆ ಹಿಡಿಯಲ್ಲ, ನಿಂದೇ ಏನೋ ದೋಷ ಅಂತ.’

‘ನಂದೂ ಹೋಗಿದೆ ಮೀರಾ.’

ಮೀರಾ ನಕ್ಕಳು. ‘ಸುಮ್ನಿರಿ ಅಕ್ಕ. ನನ್ನ ಸಮಾಧಾನಕ್ಕೆ ಹೇಳ್ತೀರಿ.’

ಎರಡೂವರೆ ವರ್ಷದಲ್ಲಿ ಮೊದಲ ಸಲ ನಿಜ ಹೇಳಿದರೆ ಹೀಗಾಗುತ್ತದೆ. ಶರಾವತಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಕಿವಿಯ ಹಿಂದಿನಿಂದ ಒಂದೊಂದೇ ಪಿನ್ನು ತೆಗೆದಳು. ಎದುರಿಗೆ ಕೂತಿದ್ದ ಅಜ್ಜನೊಬ್ಬ ತುರಿಸಿಕೊಳ್ಳುವುದನ್ನು ನಿಲ್ಲಿಸಿ ನೋಡತೊಡಗಿದ. ಹದಿನಾಲ್ಕು ವರ್ಷ ಲೇಬಲ್ಲಿನ ಮೇಲೆ ಮೆರೆದ ಜಡೆ ಆಕೆಯ ಮಡಿಲಿಗೆ ಬಂದು ಮಲಗಿತು. ಕತ್ತಿನ ಹಿಂದೆ ಉಳಿದದ್ದು ಒಂದು ಇಲಿಬಾಲ.

ಮೀರಾ ಬಗ್ಗಿ ಅದರ ತುದಿಯನ್ನು ಮುಟ್ಟಿ ನೋಡಿದಳು.

‘ಇದು ಯಾರದ್ದು?’

‘ಎಲ್ಲಾ ನಂದೇ. ತಲೇಲಿ ಇಲ್ಲ ಅಷ್ಟೆ.’

‘ಯಾವಾಗಿಂದ?’

‘ಎರಡೂವರೆ ವರ್ಷ ಆಯ್ತು.’

ಮೀರಾ ಬೆರಳು ಮಡಿಸಲಿಲ್ಲ, ಆದರೂ ಲೆಕ್ಕ ಅವಳ ಮುಖದಲ್ಲೇ ನಡೆಯಿತು. ‘ನಾನು ಮೊದಲ ಬಾಟ್ಲಿ ತಗೊಂಡಿದ್ದು ಎರಡು ವರ್ಷದ ಹಿಂದಿನ ಗಣೇಶನ ಹಬ್ಬಕ್ಕೆ,’ ಎಂದಳು. ‘ಅವತ್ತು ನಿಮಗೆ ಗೊತ್ತಿತ್ತು.’

‘ಗೊತ್ತಿತ್ತು.’

ಬೈದಿದ್ದರೆ ಆಕೆಗೆ ಎಷ್ಟೋ ಹಗುರಾಗುತ್ತಿತ್ತು. ಮೀರಾ ಬೈಯಲಿಲ್ಲ. ನರ್ಸು ಅವಳ ನಂಬರು ಕೂಗಿದಳು, ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ದುಪಟ್ಟಾ ಸರಿಮಾಡಿಕೊಳ್ಳುತ್ತಾ, ಶರಾವತಿಯ ಮುಂದಿನಿಂದಲೇ, ಖಾಲಿ ಕುರ್ಚಿಯ ಮುಂದೆ ಹೋಗುವವಳ ಹಾಗೆ ಹೋದಳು.

ಡಾಕ್ಟರು ದೀಪವಿದ್ದ ಮಸೂರ ಹಿಡಿದು ಬೈತಲೆಯ ಉದ್ದಕ್ಕೂ ನೋಡಿದರು. ಯಾವ ಶಾಂಪೂ ಹಾಕಬೇಕಿತ್ತು ಎಂದು ಶರಾವತಿ ಕೇಳಿದಳು. ಅದುವರೆಗೆ ಹಾಕಿದ್ದರ ಪಟ್ಟಿ ಬರೆದುಕೊಂಡು ಬಂದಿದ್ದಳು, ಹದಿನೇಳು ಹೆಸರು. ಅವರು ಪಟ್ಟಿಯನ್ನು ತಿರುಗಿಸಿ ಕೂಡ ನೋಡಲಿಲ್ಲ.

‘ಬುಡ ಜಿಡ್ಡಿದ್ರೆ ಒಂದು, ಒಣಗಿದ್ರೆ ಒಂದು. ತುದಿಗೆ ಕಂಡೀಷನರು. ಅದೆಲ್ಲ ಇರೋ ಕೂದಲಿಗೆ ಅಮ್ಮ. ಇಲ್ಲದ ಕೂದಲಿಗೆ ಶಾಂಪೂ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಔಷಧಿ ಕೊಡ್ತೀನಿ. ಹೋಗಿರೋದು ಬರುತ್ತೆ ಅಂತ ಕಾಯಬೇಡಿ.’

ಶರಾವತಿ ಮನೆಗೆ ಬಂದು ಬಾಣಲೆ ತೊಳೆದು ಬೋರಲು ಹಾಕಿದಳು. ಸುದ್ದಿ ಇನ್ನೇನು ಬರುತ್ತದೆ ಎಂದು ಗೇಟಿನ ಸದ್ದಿಗೆಲ್ಲ ಬೆಚ್ಚಿ ಕಾದಳು. ಮೀರಾ ಊರಿಗೆಲ್ಲ ಹೇಳುತ್ತಾಳೆ, ಹೆಂಗಸರು ಬಾಟಲಿ ಹಿಡಿದು ಬರುತ್ತಾರೆ, ಬೈಯುತ್ತಾರೆ. ಒಮ್ಮೆ ಬಂದು ಹೋದರೆ ಆಯಿತು, ಆಮೇಲೆ ಬರಿದಾದ ತಲೆಯಲ್ಲಿಯೇ ತರಕಾರಿಗೆ ಹೋಗಬಹುದು. ವಾರ ಕಳೆಯಿತು, ತಿಂಗಳು ಕಳೆಯಿತು. ಯಾರೂ ಬರಲಿಲ್ಲ. ಮೀರಾ ಯಾರಿಗೂ ಹೇಳಿರಲಿಲ್ಲ. ಎಣ್ಣೆ ಮುಗಿದಿದೆ ಎಂದರೆ ಜನ, ಈ ಸಲ ಏನೋ ವಿಶೇಷ ಸೊಪ್ಪು ಹುಡುಕುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಕೇಳತೊಡಗಿದರು. ತಾನಾಗಿಯೇ ಹೇಳಬೇಕೆಂದು ಎರಡು ಸಲ ಬಾಗಿಲಿನವರೆಗೆ ಬಂದಳು. ಎರಡು ಸಲವೂ ಬಂದವರು ಮೊದಲು ಬೆನ್ನ ಮೇಲಿನ ಜಡೆಯತ್ತ ಕಣ್ಣು ಹಾಯಿಸಿ ಒಂದು ನಿಟ್ಟುಸಿರು ಬಿಟ್ಟರು. ಆಕೆ ಎಣ್ಣೆ ಮುಗಿದಿದೆ ಎಂದಷ್ಟೇ ಹೇಳಿ ಕಳಿಸಿದಳು.

ಮೊನ್ನೆ ಶನಿವಾರ ಆಕೆ ಬಚ್ಚಲಿಗೆ ಹೋಗಿ ಅಗುಳಿ ಹಾಕಿದಳು. ಜಿಡ್ಡಿನ ಬುಡಕ್ಕೆ ಸರಿಯಾದ ಶಾಂಪೂ ಹಾಕಿ ತೊಳೆದಳು. ತುದಿಗೆ ಕಂಡೀಷನರು ಹಚ್ಚಿ, ಎರಡು ನಿಮಿಷ ಎಣಿಸಿ, ಎರಡು ಚೊಂಬು ನೀರು ಸುರಿದಳು. ಅಲ್ಲಿಗೆ ಸ್ನಾನ ಮುಗಿಯಿತು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಯಾರೋ ಹೆಂಗಸು, ‘ಶರಾವತಮ್ಮ ಇದ್ದಾರಾ? ಎಣ್ಣೆ ಬಂತಾ ಕೇಳೋಣ ಅಂತ,’ ಎಂದಳು.

‘ತಲೆಗೆ ನೀರು ಹಾಕ್ಕೊಳ್ಳೋಕೆ ಹೋಗಿದ್ದಾಳೆ,’ ಎಂದ ವೀರೇಂದ್ರ, ಹೆಂಡತಿಯ ಕೀರ್ತಿಯಲ್ಲಿ ತನ್ನ ಪಾಲನ್ನು ಬಿಡದೆ. ‘ಒಂದು ಗಂಟೆನಾದ್ರೂ ಆಗುತ್ತೆ. ಆ ಕೂದಲು ತೊಳೀಬೇಕಲ್ಲ.’

‘ಪರವಾಗಿಲ್ಲ, ಕೂತಿರ್ತೀನಿ,’ ಎಂದಿತು ಧ್ವನಿ.

ಶರಾವತಿ ಅಗುಳಿಗೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಒದ್ದೆಯ ಕಲ್ಲಿನ ಮೇಲೆ ಮತ್ತೆ ಕುಳಿತು, ಒಂದು ಗಂಟೆಯ ತನಕ ಆಗಾಗ ಒಂದೊಂದು ಚೊಂಬು ನೀರನ್ನು ನೆಲಕ್ಕೆ ಸುರಿಯುತ್ತಾ ಇದ್ದಳು.